ಓಡುವ ಮರಳು, ಬಲೆ ಎಳೆಯುವ ಮರಳು

ನಮ್ಮ ಊರುಗಳಲ್ಲಿ ಸಂಜೆ ಹೊತ್ತು ಯಾರಾದರೂ ಓಡುತ್ತಾ ಹೋದರೆ ಎದುರು ಸಿಕ್ಕವರು ಗಾಬರಿಯಿಂದ ಕೇಳುವುದು ಒಂದೇ: "ಏನಾಯ್ತು?" ದನ ಹಗ್ಗ ಕಿತ್ತುಕೊಂಡಿರಬೇಕು, ಇಲ್ಲವೇ ಕೊನೆಯ ಬಸ್ಸು ಹೊರಟಿರಬೇಕು. ಕಾರಣವಿಲ್ಲದೆ ಓಡಬಹುದು ಎಂದು ನಮಗೆ ಗೊತ್ತಾದದ್ದು ಕಾರವಾರಕ್ಕೆ ಕೆಲಸಕ್ಕೆ ಬಂದ ಮೇಲೆ.

ಇಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ಯಾರೂ ಏನೂ ಕೇಳುವುದಿಲ್ಲ. ನಾವು ಮೂವರು ಹಳೆಯ ಯುದ್ಧನೌಕೆ ಚಾಪೆಲ್ ನಿಲ್ಲಿಸಿರುವ ಮ್ಯೂಸಿಯಂ ಹತ್ತಿರ ಮರಳಿಗಿಳಿದು, ಕಾಳಿ ನದಿ ಕಡಲು ಸೇರುವ ಕೋಡಿಬಾಗದ ಕಡೆ ಓಡುತ್ತೇವೆ. ನೀರು ಇಳಿದಿರಬೇಕು, ಅಷ್ಟೆ. ಒದ್ದೆ ಮರಳು ಸಗಣಿ ಸಾರಿಸಿದ ಅಂಗಳದ ಹಾಗೆ ಗಟ್ಟಿ. ಮೇಲಿನ ಒಣ ಮರಳಿನಲ್ಲಾದರೆ ನೂರು ಹೆಜ್ಜೆಗೇ ಮೀನಖಂಡ ಹಿಡಿದುಕೊಳ್ಳುತ್ತದೆ.

ಚುರುಮುರಿಯವರು, ಸೆಲ್ಫಿಯವರು ಎಲ್ಲ ಕಡೆಯೂ ಇರುವವರೇ. ನಮ್ಮ ಕಣ್ಣು ಹೋಗುವುದು ಬರಿಗಾಲಲ್ಲಿ ಓಡುವ ಹುಡುಗರ ಮೇಲೆ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಾಗುತ್ತಿರುವವರು. 1600 ಮೀಟರ್, ಆರೂವರೆ ನಿಮಿಷ. ಒಬ್ಬ ಮೊಬೈಲ್ ಹಿಡಿದು ಸಮಯ ಕೂಗುತ್ತಾನೆ, ಉಳಿದವರು ಹಲ್ಲು ಕಚ್ಚಿ ಓಡುತ್ತಾರೆ. ನಮ್ಮನ್ನು ಎರಡು ಸಲ ದಾಟಿ ಹೋಗುತ್ತಾರೆ. ಹೊಟ್ಟೆ ಕರಗಲಿ ಎಂದು ಓಡುವವರಿಗೂ ಹೊಟ್ಟೆಪಾಡಿಗೆ ಓಡುವವರಿಗೂ ಇಷ್ಟು ವ್ಯತ್ಯಾಸ ಇರಬೇಕಾದ್ದೇ.

ಕಳೆದ ವಾರ ದಾರಿಗೆ ಅಡ್ಡವಾಗಿ ಹಗ್ಗ ಬಿದ್ದಿತ್ತು. ರಂಪಣಿ. ಹಗ್ಗದ ಒಂದು ತುದಿ ದಡದಲ್ಲಿಟ್ಟು, ದೋಣಿ ಕಡಲಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟುಕೊಂಡು ಬರುತ್ತದೆ. ಆಮೇಲೆ ಎರಡೂ ತುದಿಯಲ್ಲಿ ಜನ ಸಾಲಾಗಿ ನಿಂತು ಎಳೆಯಬೇಕು. ಇಪ್ಪತ್ತು ಜನವೂ ಇರಲಿಲ್ಲ, ಅದರಲ್ಲಿ ಅರ್ಧ ಅಜ್ಜಂದಿರು. ಹಗ್ಗ ದಾಟಲು ಹೋದಾಗ ಒಬ್ಬ ಅಜ್ಜ, "ತಮ್ಮ, ಹೇಗೂ ಶಕ್ತಿ ಖರ್ಚು ಮಾಡಲಿಕ್ಕೇ ಬಂದದ್ದಲ್ವಾ? ಇಲ್ಲಿ ಹಿಡಿ" ಎಂದರು. ಹಿಡಿದೆವು. ಪೊಲೀಸ್ ಹುಡುಗರೂ ಸೇರಿಕೊಂಡರು.

ಎಳೆಯುತ್ತಲೇ ಅಜ್ಜ ಮಾತಾಡಿದರು. ಅವರ ಮನೆ ಮೊದಲು ಅರ್ಗಾ ಕಡೆ ಇತ್ತು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗೆ ಆ ಕಡೆಯ ಊರುಗಳು ಹೋದವು, ಅವುಗಳ ಜೊತೆ ದೋಣಿ ಎಳೆದಿಡುವ ಮರಳೂ ಹೋಯಿತು. ಅದಕ್ಕೂ ಮೊದಲೇ, 70ರ ದಶಕದ ಕೊನೆಗೆ, ಪರ್ಸೀನ್ ಬೋಟುಗಳು ಬಂದು ದಡಕ್ಕೆ ಬರುವ ಮೀನನ್ನು ಆಚೆಯೇ ಬಳಿಯತೊಡಗಿದ್ದವು. "ಬಂಗಡೆ ಬಿದ್ದ ದಿನ ತಿಂದು, ಮಾರಿ, ಉಳಿದದ್ದನ್ನು ತೆಂಗಿನ ಬುಡಕ್ಕೆ ಹಾಕಿದವರು ನಾವು" ಎಂದರು. ದೂರುವ ದನಿಯಲ್ಲಲ್ಲ, ಮಳೆ ಲೆಕ್ಕ ಹೇಳಿದ ಹಾಗೆ.

ಈಗ ಉಳಿದಿರುವುದು ಈ ತೀರ. ದಕ್ಷಿಣದ ತುದಿಯಲ್ಲಿ ಬೈತಖೋಲ್ ಬಂದರು. ಸಾಗರಮಾಲಾ ಯೋಜನೆಯಲ್ಲಿ ಅದನ್ನು ವಿಸ್ತರಿಸಲು 2020ರ ಜನವರಿಯಲ್ಲಿ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಕಾರವಾರ ಬಂದ್ ಆಯಿತು, ಹೈಕೋರ್ಟ್ ತಡೆ ಕೊಟ್ಟಿತು. ಅಜ್ಜನೂ ಹೋಗಿದ್ದರಂತೆ. "ಇಷ್ಟು ಖಾಲಿ ಜಾಗ ಇದೆಯಲ್ಲ, ನಿಮಗೆ ಯಾಕೆ ಅಂತ ಕೇಳ್ತಾರೆ" ಎಂದು ನಕ್ಕರು.

ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಕಣವೂ ಖಾಲಿಯೇ ಇರುತ್ತದೆ, ಮಕ್ಕಳು ಅಲ್ಲಿ ಕ್ರಿಕೆಟ್ ಆಡುತ್ತಾರೆ. ಹಾಗೆಂದು ಅದನ್ನು ಬೀಳು ಎಂದು ಯಾರೂ ಬರೆದುಕೊಡುವುದಿಲ್ಲ. ದೋಣಿಯವರಿಗೆ ಈ ಮರಳು ಕಣ. ನಾವು ಕ್ರಿಕೆಟ್ ಆಡುವ ಮಕ್ಕಳು. ಬಂದರು ಬಂದರೆ ಕೆಲಸ ಸಿಗುತ್ತದೆ ಎನ್ನುವವರೂ ಊರಲ್ಲಿದ್ದಾರೆ, ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಆ ಕೆಲಸ ಹಗ್ಗ ಹಿಡಿದಿರುವ ಈ ಕೈಗಳಿಗೇ ಸಿಗುತ್ತದೆಯೇ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ.

ಬಲೆ ದಡಕ್ಕೆ ಬಂತು. ಒಂದಿಷ್ಟು ತಾರ್ಲೆ, ಬೆರಳೆಣಿಕೆಯ ಬಂಗಡೆ, ಪ್ಲಾಸ್ಟಿಕ್ ಕೊಟ್ಟೆ, ಒಂದು ಕಾಲಿನ ಚಪ್ಪಲಿ. ಹೆಂಗಸರು ಬುಟ್ಟಿ ತಂದು ಕೂತರು. ಅಜ್ಜ ಪಾಲು ಹಾಕುತ್ತಾ ನಮ್ಮ ಕಡೆಗೂ ಒಂದು ಗುಪ್ಪೆ ಸರಿಸಿದರು. ಬೇಡ ಅಜ್ಜ ಎಂದರೆ ಕೇಳಲಿಲ್ಲ. ಹಗ್ಗ ಹಿಡಿದ ಮೇಲೆ ಪಾಲು ಉಂಟು ಎಂದರು. ಪೊಲೀಸ್ ಹುಡುಗರಿಗೂ ಕೊಟ್ಟರು.

ಓಡಲು ಬಂದವರ ಬಳಿ ಚೀಲ ಎಲ್ಲಿಂದ ಬರಬೇಕು? ಟೋಪಿಗೆ ಹಾಕಿಕೊಂಡೆವು. ದೇವಗಡ ದ್ವೀಪದ ದೀಪಸ್ತಂಭ ಆಗಲೇ ಮಿನುಗುತ್ತಿತ್ತು. ಅಂದು ಓಡಲಿಲ್ಲ, ಮೀನು ಚೆಲ್ಲದ ಹಾಗೆ ಮೆಲ್ಲಗೆ ನಡೆದು ಹೋದೆವು.