ಚಿಕ್ಕಪ್ಪನ ಮೃತ್ಯುಪತ್ರ

ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ನೊಬೆಲ್ ಪಾರಿತೋಷಕಗಳ ಘೋಷಣೆಯಾಗುತ್ತದೆ. ಪಡೆದವರ ಕೀರ್ತಿ ಪತ್ರಿಕೆಗಳಲ್ಲಿ ಹರಡುತ್ತದೆ; ಕೊಟ್ಟ ಆಲ್ಫ್ರೆಡ್ ನೊಬೆಲನ ಹೆಸರೂ ಎಲ್ಲರಿಗೆ ತಿಳಿದದ್ದೇ. ಆದರೆ ಕೊಟ್ಟವನಿಗೂ ಪಡೆದವರಿಗೂ ನಡುವೆ ನಿಂತು ಆ ದಾನವನ್ನು ಉಳಿಸಿದವನನ್ನು ನೆನೆಯುವವರು ವಿರಳ. ಆತನೇ ನೊಬೆಲನ ಅಣ್ಣನ ಮಗ ಇಮ್ಯಾನುಯೆಲ್.

ಡೈನಮೈಟನ್ನು ಕಂಡುಹಿಡಿದು ಅಪಾರ ಸಂಪತ್ತು ಗಳಿಸಿದ ಆಲ್ಫ್ರೆಡ್ ಅವಿವಾಹಿತ. ೧೮೯೫ರ ನವೆಂಬರ್ ೨೭ರಂದು ಪ್ಯಾರಿಸಿನಲ್ಲಿ, ವಕೀಲರ ನೆರವಿಲ್ಲದೆ, ತನ್ನ ಮೃತ್ಯುಪತ್ರ ಬರೆದನು. ಬಂಧುಗಳಿಗೆ ಅಲ್ಪಭಾಗ. ಉಳಿದ ೩ ಕೋಟಿ ಕ್ರೋನರಿಗೂ ಮಿಕ್ಕ ಧನದ ಬಡ್ಡಿಯು ಭೌತವಿಜ್ಞಾನ, ರಸಾಯನವಿಜ್ಞಾನ, ವೈದ್ಯ, ಸಾಹಿತ್ಯ ಮತ್ತು ಶಾಂತಿ ಈ ಐದು ಕ್ಷೇತ್ರಗಳಲ್ಲಿ ಮಾನವಕುಲಕ್ಕೆ ಹಿತವೆಸಗಿದವರಿಗೆ. ಅವರು ಯಾವ ದೇಶದವರೆಂದು ಎಣಿಸಕೂಡದು. (ಅರ್ಥಶಾಸ್ತ್ರದ ಪಾರಿತೋಷಕವನ್ನು ಸ್ವೀಡನ್ನಿನ ಕೇಂದ್ರ ಬ್ಯಾಂಕು ೧೯೬೮ರಲ್ಲಿ ಸ್ಥಾಪಿಸಿತು.)

೧೮೯೬ರ ಡಿಸೆಂಬರ್ ೧೦ರಂದು ಆತ ಕಾಲವಾದನು. ಬಂಧುಗಳಲ್ಲಿ ಕೆಲವರು ಮೃತ್ಯುಪತ್ರವನ್ನು ಪ್ರಶ್ನಿಸಿ ನ್ಯಾಯಾಲಯದ ಮೊರೆಹೋದರು. ದೇಶದ ಧನ ಪರದೇಶಿಗಳ ಪಾಲಾಗುವುದೆಂಬ ಕೂಗೂ ಎದ್ದಿತು. ಇಮ್ಯಾನುಯೆಲ್ ಆಗ ರಷ್ಯದಲ್ಲಿ, ಬಾಕುವಿನ ಎಣ್ಣೆ ತೆಗೆಯುವ ಕಂಪನಿಯ ಮುಖ್ಯಸ್ಥ. ಅದರಲ್ಲಿದ್ದ ಚಿಕ್ಕಪ್ಪನ ಷೇರುಗಳು ಮಾರಾಟಕ್ಕೆ ಬಂದರೆ ಮೊದಲ ಪೆಟ್ಟು ಅವನಿಗೇ. ಆದರೂ ಮೃತ್ಯುಪತ್ರ ಜಾರಿಗೆ ತರುವ ಹೊಣೆ ಹೊತ್ತಿದ್ದ ರಾಗ್ನಾರ್ ಸೋಲ್ಮನ್ ಎಂಬ ತರುಣನಿಗೆ ಅವನು ಅಡ್ಡ ಬರಲಿಲ್ಲ. ಅಂಥ ಹೊಣೆಗಾರನನ್ನು ರಷ್ಯನ್ ಭಾಷೆಯಲ್ಲಿ ‘ಆತ್ಮದ ಪ್ರತಿನಿಧಿ’ ಎಂದು ಕರೆಯುವರೆಂದು ನೆನಪಿಸಿ, ಅದಕ್ಕೆ ತಕ್ಕಂತೆ ನಡೆಯಲು ಹೇಳಿದನು. ೧೮೯೮ರಲ್ಲಿ ರಾಜ ಎರಡನೆಯ ಆಸ್ಕರನೇ ಕರೆಸಿ ಒತ್ತಾಯಿಸಿದಾಗ, ವಿದ್ವಾಂಸರಿಗೆ ಸಲ್ಲಬೇಕಾದುದನ್ನು ಕಬಳಿಸಿದರೆಂಬ ಅಪವಾದಕ್ಕೆ ತನ್ನ ಒಡಹುಟ್ಟಿದವರನ್ನು ಗುರಿಮಾಡಲಾರೆನೆಂದು ವಿನಯದಿಂದ ನಿರಾಕರಿಸಿದನು. ಅದೇ ವರ್ಷ ಬಂಧುಗಳೊಡನೆ ರಾಜಿಯಾಯಿತು. ೧೯೦೧ರಲ್ಲಿ ಮೊದಲ ಪಾರಿತೋಷಕಗಳು ಸಂದವು. ಪರಾಧೀನ ಭಾರತದ ರವೀಂದ್ರನಾಥ ಠಾಕೂರರಿಗೆ ೧೯೧೩ರಲ್ಲಿ, ಸಿ. ವಿ. ರಾಮನ್ನರಿಗೆ ೧೯೩೦ರಲ್ಲಿ ಈ ಗೌರವ ದೊರೆತುದು ಆ ಮೃತ್ಯುಪತ್ರ ಉಳಿದುದರಿಂದ.

ಮಠದಲ್ಲಿ ಓದಿದ ಹಿರಿಯನೆಂದು ನನ್ನನ್ನು ಆಸ್ತಿ ಹಂಚಿಕೆಯ ಮಾತುಕತೆಗೆ ಕರೆಯುವುದುಂಟು. ಒಂದು ಮನೆಯಲ್ಲಿ ತಂದೆ ಎರಡು ಎಕರೆ ಹೊಲವನ್ನು ಊರ ಶಾಲೆಗೆ ಬರೆದಿಟ್ಟು ತೀರಿಕೊಂಡಿದ್ದರು. ಮಕ್ಕಳಿಗೆ ಈ ಕಥೆ ಹೇಳಿದೆ. ಹಿರಿಯ ಮಗ, “ಗುರುಗಳೆ, ಅವನಿಗೆ ಎಣ್ಣೆಯ ಬಾವಿಗಳಿದ್ದವು. ನಮಗಿರುವುದು ಆರೇ ಎಕರೆ” ಎಂದ. ನ್ಯಾಯವಾದ ಮಾತೇ. ಆದರೆ ಆತನ ಮುಖ್ಯ ನೋವು ಹೊಲದ್ದಲ್ಲ. “ಅಪ್ಪ ನಮಗೊಂದು ಮಾತು ಹೇಳಲಿಲ್ಲ” ಎಂಬುದು. ಆ ಮನೆಯ ನಿರ್ಧಾರ ಇನ್ನೂ ಆಗಿಲ್ಲ.

ಆಲ್ಫ್ರೆಡನೂ, ಪಾರಿತೋಷಕ ಹಂಚಬೇಕಾದ ಸಂಸ್ಥೆಗಳನ್ನು ಸಹ ಮೊದಲು ಕೇಳಿರಲಿಲ್ಲ. ಇಮ್ಯಾನುಯೆಲನಂಥ ವಾರಸುದಾರ ಎಲ್ಲರಿಗೂ ದೊರೆಯುವನೆಂಬ ಭರವಸೆಯಿಲ್ಲ. ಆದ್ದರಿಂದ ದಾನ ಮಾಡಬಯಸುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ: ಬರೆದುದನ್ನು ಪೆಟ್ಟಿಗೆಯಲ್ಲಿ ಬಚ್ಚಿಡದೆ, ಇರುವಾಗಲೇ ಮಕ್ಕಳು ಸೊಸೆಯಂದಿರನ್ನು ಕೂಡಿಸಿ ಓದಿ ಹೇಳಿರಿ. ಅವರ ಮಾತನ್ನೂ ಕೇಳಿರಿ.