ಹನ್ನೊಂದೂವರೆ ಮಿಲಿಮೀಟರಿನೊಳಗೆ

ರೇಸಿನಲ್ಲಿ ನನಗೆ ಅತಿ ಇಷ್ಟದ ಕೆಲಸ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಆರಿಸುವುದು. ಕಾರು ಓಡಿಸುವ ಖುಷಿಯೂ ಅದರ ನಂತರದ್ದೇ. ನನ್ನದು ಎಂ.ಜಿ. ಮಿಜೆಟ್, ಅದರೊಳಗೆ 1275 ಸಿ.ಸಿ.ಯ ಎ-ಸೀರೀಸ್ ಇಂಜಿನ್. ಅಮೆರಿಕದಲ್ಲಿ ಹವ್ಯಾಸಿಗಳಿಗಾಗಿ ರೇಸು ನಡೆಸುವ ಎಸ್‌ಸಿಸಿಎ 1944ರಲ್ಲಿ ಹುಟ್ಟಿದ ಕ್ಲಬ್ಬು. ಅದರ ಪ್ರೊಡಕ್ಷನ್ ವಿಭಾಗದಲ್ಲಿ ಇಂಥ ಮುದಿ ಕಾರುಗಳಿಗೆ ಇವತ್ತಿಗೂ ಜಾಗವಿದೆ. ನಿಯಮಪುಸ್ತಕದಲ್ಲಿ ಕಾರಿನ ಹೆಸರಿನ ಮುಂದೆ ವಾಲ್ವಿನ ಅಳತೆ ಬರೆದಿರುತ್ತದೆ. ಜೊತೆಗೆ ನನ್ನದರಂಥ ಹಲವು ಕಾರುಗಳಿಗೆ ಇನ್ನೊಂದು ಷರತ್ತು: ವಾಲ್ವ್ ಲಿಫ್ಟ್ 0.450 ಇಂಚು ಮೀರಬಾರದು. ಅಂದರೆ 11.43 ಮಿ.ಮೀ. ಕ್ಯಾಮ್ ಯಾವುದನ್ನಾದರೂ ಹಾಕಿಕೋ, ಆದರೆ ವಾಲ್ವನ್ನು ಅದಕ್ಕಿಂತ ಹೆಚ್ಚು ತೆರೆಯಬೇಡ. ಈ ಒಂದು ಸಾಲಿನ ಸುತ್ತ ಎಷ್ಟು ಚಳಿಗಾಲಗಳನ್ನು ಬೇಕಾದರೂ ಸುಖವಾಗಿ ಕಳೆಯಬಹುದು.

ಇನ್‌ಲೆಟ್ ವಾಲ್ವಿನ ತಲೆ ಸುಮಾರು 33 ಮಿ.ಮೀ. ಅಗಲ. ಯಾವುದೇ ವಾಲ್ವ್ ತನ್ನ ವ್ಯಾಸದ ಕಾಲುಭಾಗ ತೆರೆದಾಗ ಸುತ್ತಲಿನ ಸಂದಿಯ ವಿಸ್ತೀರ್ಣವೂ ತಲೆಯ ವಿಸ್ತೀರ್ಣವೂ ಒಂದೇ ಆಗುತ್ತವೆ. ಇದಕ್ಕೆ ಆ ಕಾಲುಭಾಗ 8 ಮಿ.ಮೀ. ಚಿಲ್ಲರೆ, ಕಾರ್ಖಾನೆಯ ಕ್ಯಾಮ್ ತೆರೆಯುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದರೆ 11.43ರ ಆಸೆ ಯಾಕೆ? ತುದಿಯಲ್ಲಿ ಎಷ್ಟು ಎತ್ತರ ಅನ್ನುವುದಕ್ಕಿಂತ, ಆ 8ರ ಮೇಲೆ ವಾಲ್ವ್ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದರ ಮೇಲೆ ಉಸಿರಾಟ ನಿಂತಿದೆ. ಎತ್ತರಕ್ಕೆ ಗೆರೆ ಎಳೆದಿರುವುದರಿಂದ ಕ್ಯಾಮ್ ಕಡೆಯುವವರು ಲೋಬಿನ ಪಕ್ಕಗಳನ್ನು ಕಡಿದಾಗಿಸುತ್ತಾರೆ: ಬೇಗ ತೆರೆ, ಮೇಲೆ ತಡೆದು ನಿಲ್ಲಿಸು, ಬೇಗ ಮುಚ್ಚು. ಆಗ ಹೊಡೆತವೆಲ್ಲ ಸ್ಪ್ರಿಂಗಿಗೆ, ಟ್ಯಾಪೆಟ್ಟಿಗೆ. ಅವು ತಾಳುವಷ್ಟು ಮಾತ್ರ ಕಡಿದು.

ದೊಡ್ಡ ವಾಲ್ವಿಗೆ ಅವಕಾಶವಿಲ್ಲ ಎಂದು ಕೊರಗುವವರನ್ನು ಕಂಡಿದ್ದೇನೆ. ನನಗೆ ಆ ಕೊರಗಿಲ್ಲ. 70.6 ಮಿ.ಮೀ. ಬೋರಿನಲ್ಲಿ ಎರಡು ವಾಲ್ವುಗಳು ಈಗಾಗಲೇ ಒತ್ತಿಕೊಂಡು ಕೂತಿವೆ. ಮಿನಿ ಕೂಪರ್ ಎಸ್ ಹೆಡ್ಡಿನಲ್ಲಿ ವಾಲ್ವ್ ಹಿಗ್ಗಿಸಿದ್ದಕ್ಕೆ ಸೀಟುಗಳ ನಡುವಿನ ತೆಳು ಲೋಹ ಬಿರುಕು ಬಿಡುವುದು ಆ ಹೆಡ್ಡು ಬಿಚ್ಚಿದವರಿಗೆಲ್ಲ ಗೊತ್ತು. ಇರುವ ವಾಲ್ವಿಗೇ ಸೀಟನ್ನು ಮೂರು ಕೋನಗಳಲ್ಲಿ ಅಚ್ಚುಕಟ್ಟಾಗಿ ಕೊರೆಸಿ, 45 ಡಿಗ್ರಿಯ ಪಟ್ಟಿ ಸುತ್ತಲೂ ಒಂದೇ ಅಗಲ ಬಂದಿದೆಯೇ ಎಂದು ನೀಲಿ ಹಚ್ಚಿ ನೋಡುವುದರಲ್ಲಿ ನನಗೆ ಹೆಚ್ಚು ತೃಪ್ತಿ.

ನಿಜವಾದ ತಲೆನೋವು, ನಿಜವಾದ ಸೊಗಸು ಎರಡೂ ಡ್ಯೂರೇಷನ್‌ನಲ್ಲಿ, ಅಂದರೆ ಕ್ರ್ಯಾಂಕಿನ ಎಷ್ಟು ಡಿಗ್ರಿ ವಾಲ್ವ್ ತೆರೆದಿರುತ್ತದೆ ಅನ್ನುವುದರಲ್ಲಿವೆ. ಕಾರ್ಖಾನೆಯ ಕ್ಯಾಮ್ ಇನ್‌ಲೆಟ್ಟನ್ನು ಪಿಸ್ಟನ್ ಮೇಲೆ ಮುಟ್ಟುವ 5 ಡಿಗ್ರಿ ಮೊದಲು ತೆರೆದು, ಕೆಳಗೆ ಮುಟ್ಟಿದ 45 ಡಿಗ್ರಿಯ ಮೇಲೆ ಮುಚ್ಚುತ್ತದೆ. ಒಟ್ಟು 230 ಡಿಗ್ರಿ. ಈ ಇಂಜಿನ್ ತಯಾರಿಸಿದ ಬಿಎಂಸಿ ಕಂಪನಿಯದೇ ಹಳೆಯ ಪೂರ್ಣ ರೇಸ್ ಕ್ಯಾಮ್ 50ಕ್ಕೆ ತೆರೆದು 70ಕ್ಕೆ ಮುಚ್ಚುತ್ತಿತ್ತು, ಒಟ್ಟು 300. ಎ-ಸೀರೀಸ್‌ನಲ್ಲಿ ಒಂದು ಮತ್ತು ಎರಡನೆಯ ಸಿಲಿಂಡರುಗಳಿಗೆ ಒಂದೇ ಇನ್‌ಲೆಟ್ ಪೋರ್ಟು, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಫೈರಿಂಗ್ ಆರ್ಡರ್ 1-3-4-2. ಹಾಗಾಗಿ ಪೋರ್ಟು ಹಂಚಿಕೊಂಡ ಜೋಡಿ 180 ಡಿಗ್ರಿ ಅಂತರದಲ್ಲಿ ಒಂದರ ಹಿಂದೊಂದು ಉಸಿರೆಳೆಯುತ್ತದೆ, ಎರಡನೆಯದು ಶುರುಮಾಡಿದ ಮೇಲೆ ಮೊದಲನೆಯದರ ಸರದಿ ಮತ್ತೆ ಬರುವುದು 540 ಡಿಗ್ರಿಗೆ. 230ರ ಕ್ಯಾಮ್‌ನಲ್ಲಿ ಇಬ್ಬರೂ ಒಟ್ಟಿಗೆ ತೆರೆದಿರುವುದು 50 ಡಿಗ್ರಿ, 300ರಲ್ಲಿ 120. ಒಂದೇ ಬೀದಿ ನಲ್ಲಿಗೆ ಎರಡು ಕೊಡ ಹಿಡಿದಂತೆ, ಒಬ್ಬರ ಪಾಲು ಇನ್ನೊಬ್ಬರಿಗೆ ಸೋರುತ್ತದೆ. ಇದನ್ನು ಸರಿದೂಗಿಸಲು ಒಳಗಿನ ಮತ್ತು ಹೊರಗಿನ ಸಿಲಿಂಡರುಗಳ ಲೋಬುಗಳನ್ನು ಕೆಲವೇ ಡಿಗ್ರಿ ಬೇರೆಬೇರೆಯಾಗಿ ಕಡೆದ ಕ್ಯಾಮುಗಳನ್ನೂ ಮಾಡಿದರು. ಆ ಯೋಚನೆ ಹೊಳೆದವರ ಮೇಲೆ ನನಗೆ ಅಪಾರ ಗೌರವ.

ಗ್ಯಾರೇಜಿನಲ್ಲಿ ನನ್ನ ಜೊತೆಗಾರ ಮಂಗಳೂರಿನವನು. "ಅಲ್ಲ ಮಾರಾಯ, 300 ಹಾಕಿದ್ರೆ ಪವರ್ ಜಾಸ್ತಿ ಬರ್ತದಲ್ಲ?" ಎಂದ. ಬರುತ್ತದೆ, ಮೇಲಿನ ಆರ್‌ಪಿಎಂನಲ್ಲಿ. ಆದರೆ ನಾವು ಹೋಗುವುದು ವರ್ಜೀನಿಯಾದ ವಿಐಆರ್ ರೇಸ್ ಟ್ರ್ಯಾಕಿಗೆ. ಅಲ್ಲಿ ಓಕ್ ಟ್ರೀ ತಿರುವು ನಿಧಾನದ್ದು. ಅದು ಮುಗಿಯುತ್ತಲೇ ಉದ್ದನೆಯ ಸ್ಟ್ರೇಟ್. ಹೆಸರು ಕೊಟ್ಟ ಮರ 2013ರಲ್ಲಿ ಉರುಳಿತು, ತಿರುವು ಹಾಗೇ ಇದೆ. ಅಲ್ಲಿಂದ ಹೊರಡುವಾಗ ಇಂಜಿನ್ ಮುಗ್ಗರಿಸಿದರೆ ಆ ನಷ್ಟವನ್ನು ಸ್ಟ್ರೇಟಿನ ಕೊನೆಯವರೆಗೂ ಹೊತ್ತೊಯ್ಯಬೇಕು. ಅದಕ್ಕೇ 280ರ ಆಸುಪಾಸಿನದನ್ನು ಆರಿಸಿದೆ.

ಕೂರಿಸುವ ದಿನ ಅವಸರ ಸಲ್ಲದು. ಕ್ರ್ಯಾಂಕಿನ ಮೂತಿಗೆ ಡಿಗ್ರಿ ಚಕ್ರ, ಒಂದನೇ ಸಿಲಿಂಡರಿನ ಇನ್‌ಲೆಟ್ ಸ್ಪ್ರಿಂಗ್ ಟೋಪಿಯ ಮೇಲೆ ಡಯಲ್ ಗೇಜಿನ ಕಡ್ಡಿ. ಲಿಫ್ಟಿನ ತುದಿಯಲ್ಲಿ ಮುಳ್ಳು ಕದಲುವುದೇ ಇಲ್ಲ. ಕ್ರ್ಯಾಂಕ್ ತಿರುಗುತ್ತಿದ್ದರೂ ಅದು ಅಲ್ಲೇ. ಆದ್ದರಿಂದ ತುದಿಯನ್ನು ನಂಬದೆ, ಏರುವಾಗ ಒಂದು ಎತ್ತರದಲ್ಲಿ ಡಿಗ್ರಿ ಬರೆದುಕೊಂಡು, ಇಳಿಯುವಾಗ ಅದೇ ಎತ್ತರದಲ್ಲಿ ಮತ್ತೆ ಬರೆದು, ನಡುಬಿಂದು ತೆಗೆಯಬೇಕು. ಕ್ರ್ಯಾಂಕನ್ನು ಒಂದೇ ದಿಕ್ಕಿಗೆ ತಿರುಗಿಸಬೇಕು, ಇಲ್ಲದಿದ್ದರೆ ಚೈನಿನ ಸಡಿಲ ಲೆಕ್ಕ ಕೆಡಿಸುತ್ತದೆ. ಲಿಫ್ಟನ್ನೂ ಆಗಲೇ ನೋಡಿಕೊಂಡೆ: ಮಿತಿಗಿಂತ ಕೂದಲೆಳೆಯಷ್ಟು ಕಡಿಮೆ.

ನಡುಬಿಂದು ಈಗ 106 ಡಿಗ್ರಿಯಲ್ಲಿದೆ. ಎರಡು ಡಿಗ್ರಿ ಮುಂದಕ್ಕೆ ತಂದು 104 ಮಾಡಿದರೆ ಓಕ್ ಟ್ರೀಯಿಂದ ಎಳೆತ ಹೆಚ್ಚೀತು, ಸ್ಟ್ರೇಟಿನ ತುದಿಯಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾದೀತು. ಕ್ಯಾಮನ್ನು ಅಷ್ಟು ಸರಿಸುವ ಆಫ್‌ಸೆಟ್ ಕೀ ಟೂಲ್‌ಬಾಕ್ಸಿನಲ್ಲಿ ಇಟ್ಟಿದ್ದೇನೆ. ಶುಕ್ರವಾರದ ಪ್ರಾಕ್ಟೀಸ್ ಮುಗಿಸಿ, ಬೇಕೆನಿಸಿದರೆ ರೇಡಿಯೇಟರ್ ಇಳಿಸಿ ಹಾಕುವುದು.