ವರ್ತನೆ ಹಾಲಿನ ದುಡ್ಡು

ಅಜ್ಜಿ ತೀರಿಕೊಂಡ ಮೇಲೆ ಅವಳ ಟ್ರಂಕು ತೆಗೆದರೆ, ಸೀರೆಯ ಮಡಿಕೆಯಲ್ಲಿ ಹಳೆಯ ಐನೂರರ ನಾಲ್ಕು ನೋಟು ಸಿಕ್ಕವು. ಅಂಥ ನೋಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಂಡರೆ 2017ರ ಕಾನೂನಿನ ಪ್ರಕಾರ ಅಪರಾಧ. ಅಜ್ಜಿ ಸಾಯುವವರೆಗೂ ಕಾನೂನಿನ ಒಳಗೇ ಇದ್ದಳು.

2016ರ ನವೆಂಬರ್ 8ರ ರಾತ್ರಿ ಟೀವಿಯಲ್ಲಿ ನೋಟು ರದ್ದಾದ ಸುದ್ದಿ ಬಂದಾಗ ನಮ್ಮ ಬೀದಿಯ ಸಾಸಿವೆ ಡಬ್ಬಿ, ಮೆಂತ್ಯದ ಡಬ್ಬಿಗಳೆಲ್ಲ ಬಾಯಿ ಬಿಟ್ಟವು. ತಮ್ಮ ಮನೆಯಲ್ಲಿ ಇಷ್ಟು ದುಡ್ಡಿತ್ತೇ ಎಂದು ಗಂಡಸರು ಬೆರಗಾದದ್ದು ಆ ವಾರವೇ. ಬೆರಗು ಇಳಿಯುವ ಮೊದಲೇ ಸ್ಕೂಟರಿಗೆ ಹೊಸ ಟೈರು ಬಂದ ಮನೆಗಳೂ ಇದ್ದವು. ಅಜ್ಜಿ ಮಾತ್ರ ತುಟಿ ಬಿಚ್ಚಲಿಲ್ಲ. ಬದಲಿಸಬೇಕಾದರೆ ಯಾರನ್ನಾದರೂ ಕೇಳಬೇಕು, ಕೇಳಿದರೆ ಇರುವುದು ತಿಳಿಯುತ್ತದೆ. ದುಡ್ಡು ಹೋದರೂ ಚಿಂತೆಯಿಲ್ಲ, ಗುಟ್ಟು ಉಳಿಯಲಿ ಎಂದುಕೊಂಡಿರಬೇಕು. ಹುಣಸೆಹಣ್ಣು ಕುಟ್ಟಿ, ಪೊರಕೆಕಡ್ಡಿ ಸೀಳಿ ಕೂಡಿಸಿದ ದುಡ್ಡು ಅದು.

ಹಾಗೆ ನೋಡಿದರೆ ಮನೆಯ ಒಡತಿ ಅವಳೇ. ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ ಎಂದು 2013ರ ಆಹಾರ ಭದ್ರತಾ ಕಾಯಿದೆ ಹೇಳಿತ್ತು. ಓದಿ ಹೇಳಿದ್ದಕ್ಕೆ, "ಅದಕ್ಕೇನು ಸೀಮೆಎಣ್ಣೆ ಜಾಸ್ತಿ ಕೊಡ್ತಾರಾ?" ಎಂದಿದ್ದಳು.

ಅಮ್ಮನ ಕಾಲಕ್ಕೆ ಸಂಘ ಬಂತು. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಸಣ್ಣ ಉಳಿತಾಯದ ಗುಂಪು ಕಟ್ಟಿ ತೋರಿಸಿತ್ತು. ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು 1992ರಲ್ಲಿ ನಬಾರ್ಡ್ ಶುರುಮಾಡಿತು. ಅದೆಲ್ಲ ದಾಟಿ ನಮ್ಮೂರಿಗೆ ಬರುವ ಹೊತ್ತಿಗೆ ಹೆಸರು ಸ್ತ್ರೀಶಕ್ತಿ ಸಂಘ ಎಂದಾಗಿತ್ತು. ಅಮ್ಮ ಸಾಲ ತೆಗೆದು ಹಸು ಕೊಂಡಳು. ಸಾಲ ಅಮ್ಮನ ಹೆಸರಲ್ಲಿ, ಹಸು ಅಮ್ಮನ ಹೆಸರಲ್ಲಿ, ಸಗಣಿ ಬಾಚುವುದೂ ಅಮ್ಮನ ಪಾಲಿಗೆ. ಡೈರಿಯ ಸದಸ್ಯತ್ವ ಮಾತ್ರ ಅಪ್ಪನದು. ಬಟವಾಡೆ ದಿನ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೋಗುತ್ತಿದ್ದರು.

ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು 2019ರಲ್ಲಿ ಕೇಂದ್ರ ಸರ್ಕಾರ ಸಮೀಕ್ಷೆ ಮಾಡಿಸಿತು. ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಕೈಹಾಕಿದ ಗಂಡಸರು 97 ನಿಮಿಷ ದುಡಿಯುತ್ತಾರಂತೆ. ಕೈಯನ್ನೇ ಹಾಕದವರು ಈ ಸರಾಸರಿಗೆ ಸೇರುವುದಿಲ್ಲ. ಅಪ್ಪ ಬಚಾವು.

ಆಮೇಲೆ ಬಂತು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆ ಉದ್ಘಾಟನೆಯಾಯಿತು. ತಿಂಗಳಿಗೆ 2,000 ರೂಪಾಯಿ ನೇರ ಯಜಮಾನಿಯ ಖಾತೆಗೆ. ಖಾತೆಯೇನೋ ಅಮ್ಮನದೇ, ಆದರೆ ಅದಕ್ಕೆ ಜೋಡಿಸಿದ ಮೊಬೈಲ್ ನಂಬರು ಅಪ್ಪನದು. ಜಗಲಿಯಲ್ಲಿ ಕೂತವರ ಜೇಬು ಟಿಂಗ್ ಎಂದೊಡನೆ, "ಇವಳೇ, ನಿನ್ನ ದುಡ್ಡು ಬಂತು ನೋಡು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ, ತಾವೇ ಮಂಜೂರು ಮಾಡಿದವರ ಗತ್ತಿನಲ್ಲಿ. ಸಂಜೆಯೊಳಗೆ ಯಾರಾದರೊಬ್ಬರು ಕೈಸಾಲ ಕೇಳಿಕೊಂಡು ಬಂದಿರುತ್ತಾರೆ.

ನನಗೆ ರೇಗಿತು. ಹೆಂಗಸಿನ ಕೈಗೆ ದುಡ್ಡು ಕೊಟ್ಟರೆ ಸಾಲದು, ಬಂದದ್ದು ಅವಳೊಬ್ಬಳಿಗೇ ತಿಳಿಯಬೇಕು ಎಂಬ ವಿಚಾರ ಹೊತ್ತು, ಒಂದು ಫೋನು ಕೊಂಡು ಊರಿಗೆ ಹೋದೆ. "ಬ್ಯಾಂಕಿಗೆ ಹೋಗಿ ನಂಬರು ಬದಲಿಸೋಣ ನಡಿಯಮ್ಮ" ಎಂದೆ.

ಅಮ್ಮ ಜಗಲಿಯ ಕಡೆ ಒಮ್ಮೆ ಬಗ್ಗಿ ನೋಡಿದಳು. "ಬೇಡ ಕಣೋ. ಅದು ಅವರ ಫೋನಿಗೇ ಬರ್ಲಿ. ಆ ಎರಡು ಸಾವಿರದ ಲೆಕ್ಕ ಕೇಳ್ಕೊಂಡು ಇರ್ತಾರೆ, ಬೇರೇದರ ತಂಟೆಗೆ ಬರಲ್ಲ."

ಬೇರೇದು ಅಂದರೆ ವರ್ತನೆ ಹಾಲಿನ ದುಡ್ಡು. ಕರೆದ ಹಾಲೆಲ್ಲ ಡೈರಿಗೇ ಹೋಗುತ್ತದೆಂದು ಅಪ್ಪ ಇವತ್ತಿಗೂ ನಂಬಿದ್ದಾರೆ. ಬೆಳಿಗ್ಗೆ ಅವರು ಏಳುವ ಮೊದಲೇ ಮೂರು ಮನೆಗೆ ಹಾಲು ಮುಟ್ಟಿರುತ್ತದೆ.

"ಎಷ್ಟು ಕೂಡಿಟ್ಟಿದ್ದೀಯಮ್ಮ?"

"ನಿಂಗ್ಯಾಕೋ ಅದು? ನೀನೂ ನಿಮ್ಮಪ್ಪನ ಮಗನೇ ತಾನೆ."

ಫೋನನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ. ಸಂಘದವರದೊಂದು ವಾಟ್ಸಾಪ್ ಗ್ರೂಪಿದೆಯಂತೆ, ಅದಕ್ಕೆ ಬೇಕಂತೆ.